ಗಿರಿಜಾಳ ಊಟದ ಬಗ್ಗೆ ಒಂದು ತಿದ್ದುಪಡಿ

“ಗಂಡ ಉಣ್ಣೂತನಕಾ ಆಕಿ ಬಾಯಿ ತೆರೀಲಿಲ್ರಿ. ಲಕ್ವಾ ಹೊಡದು ಮಾತ ಹೋದ್ರೂ ನೇಮ ಬಿಡಲಿಲ್ಲ. ಈಗಿನ ಕಾಲದಾಗ ಎಲ್ಲಿ ಸಿಗ್ತಾರ ಇಂಥಾ ಹೆಣ್ಮಕ್ಕಳು!”

ನನ್ನ ಹೆಂಡತಿ ಗಿರಿಜಾಳ ಕಾಯಿಲೆಯ ಬಗ್ಗೆ ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ, ಬ್ಯಾಡಗಿಯ ಬೀಗರ ಮನೆಗಳಲ್ಲಿ, ಹಾವೇರಿಯ ಮದುವೆ ಊಟದ ಪಂಕ್ತಿಗಳಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಇದು. ಕಥೆ ನನ್ನ ಹೆಂಡತಿಯನ್ನು ಹೊಗಳುತ್ತದೆ. ಆ ನೆಪದಲ್ಲಿ ನನ್ನನ್ನೂ ಹೊಗಳುತ್ತದೆ. ಒಪ್ಪಿಕೊಂಡು ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಎಂದು ನನ್ನ ಮಗ ಹೇಳುತ್ತಾನೆ. ಆದರೆ ಕಥೆ ಸರಿಯಿಲ್ಲ. ನಾನು ಅಲ್ಲಿದ್ದೆ.

ನನ್ನ ಶಾಲೆ ಏಳನೆಯ ತರಗತಿಗೆ ಮುಗಿಯಿತು. ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳ ಉಸ್ತುವಾರಿ ನೋಡಿಕೊಂಡು ನಿವೃತ್ತನಾದೆ. ಉಳಿದ ಓದೆಲ್ಲ ನಾನಾಗಿಯೇ ಮಾಡಿಕೊಂಡದ್ದು. ಹಳೆಯ ಲಿಪಿಗಳನ್ನು ಕಲಿತು, ಬಸ್ಸು ಹತ್ತಿ ಹೋಗಿ, ಈ ಸೀಮೆಯ ವೀರಗಲ್ಲುಗಳ ಮೇಲಿನ ಬರಹವನ್ನು ಓದಿ ಬರುವುದು ನನಗಿರುವ ಒಂದೇ ಹುಚ್ಚು. ಊರಿನವರು ಕಲ್ಲಿನ ಬಗ್ಗೆ ಹೇಳುವ ಕಥೆಯನ್ನು ಮೊದಲು ಕೇಳುತ್ತೇನೆ. ಅನಂತರ ಕಲ್ಲನ್ನು ಓದುತ್ತೇನೆ. ಎರಡೂ ಒಂದೇ ಆಗಿರುವುದು ಅಪರೂಪ. ಈ ಸ್ವಭಾವಕ್ಕೆ ಮನೆಯಲ್ಲಿ ಒಳ್ಳೆಯ ಹೆಸರಿಲ್ಲ. “ದೇವರ ಬಂದು ಎದುರಿಗೆ ನಿಂತ್ರೂ, ನೀ ಖರೇ ದೇವರೇನಪಾ ಅಂತ ಕೇಳಾವ್ರು ಇವರು” ಎಂದು ಗಿರಿಜಾಳೇ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು.

ಮೊದಲು ತಪ್ಪಿದ್ದು ಸದ್ದು.

ಬೆಳಗಿನ ಹೊತ್ತು. ಅವಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದೆ. ಮದುವೆಯಾದಂದಿನಿಂದ ಕೇಳಿದ ಸದ್ದು ಅದು. ಎಷ್ಟು ಕೇಳಿದ್ದೆನೆಂದರೆ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಅಂದು ಬಿತ್ತು. ಬಡಿತಗಳ ನಡುವೆ ತೆರಪು ಬರತೊಡಗಿತು. ಎದ್ದು ಹೋಗಿ ನೋಡಿದೆ. ಎಡಗೈ ರೊಟ್ಟಿಯನ್ನು ತಿರುಗಿಸಲು ನೋಡುತ್ತಿತ್ತು. ಬಲಗೈ ಹಿಟ್ಟಿನ ಮೇಲೆ ಬಿದ್ದಿತ್ತು. ಯಾರೋ ಅಲ್ಲಿಟ್ಟು ಮರೆತುಹೋದ ವಸ್ತುವನ್ನು ನೋಡುವಂತೆ ಅವಳು ಆ ಕೈಯನ್ನೇ ನೋಡುತ್ತಿದ್ದಳು.

“ಏನಾತು?” ಎಂದೆ.

ಅವಳು ಉತ್ತರ ಕೊಟ್ಟಳು. ಅದರಲ್ಲಿ ಧ್ವನಿಯಿತ್ತು. ಶಬ್ದವಿರಲಿಲ್ಲ.

ಮಗ ಮಹೇಶ ಬೀಜದ ಕಂಪನಿಯ ಕೆಲಸಕ್ಕೆ ಹೊರಡಲು ಸಿದ್ಧನಾಗಿದ್ದ. ಆಟೋ ತಂದ. ಊರಿನ ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾವೇರಿ. ಹೆದ್ದಾರಿಯುದ್ದಕ್ಕೂ ನಾನು ಅವಳ ಬಲಗೈಯನ್ನು ಹಿಡಿದುಕೊಂಡಿದ್ದೆ. ಎಡಗೈಯನ್ನು ಹಿಡಿಯಬೇಕಿತ್ತೆಂದು ಆಮೇಲೆ ಹೊಳೆಯಿತು. ಬಲಗೈಗೆ ನಾನು ಹಿಡಿದದ್ದು ಗೊತ್ತೇ ಆಗಿರಲಿಲ್ಲ.

ಹಾವೇರಿಯ ಡಾಕ್ಟರು ನಿಧಾನವಾಗಿ ವಿವರಿಸಿದರು. ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡಿದೆ. ಬಲಗೈ, ಬಲಗಾಲು, ಮಾತು, ಮೂರಕ್ಕೂ ಪೆಟ್ಟು ಬಿದ್ದಿದೆ. ಮಾತು ಹೋಗಿರುವುದಕ್ಕೆ ಅಫೇಸಿಯಾ ಎನ್ನುತ್ತಾರೆ. “ಒಳಗ ಎಲ್ಲಾ ತಿಳೀತಿರತೈತಿ ಅಜ್ಜಾರ. ಶಬ್ದ ಕೈಗೆ ಸಿಗೂದಿಲ್ಲ ಅಷ್ಟ,” ಎಂದರು. ನುಂಗುವ ಶಕ್ತಿ ಕುಂದಿದ್ದರಿಂದ ಮೂಗಿನ ಮೂಲಕ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕಿದರು. ಆ ನಳಿಕೆಯಲ್ಲಿ ಹಾಲು, ಗಂಜಿ, ಪುಡಿ ಮಾಡಿದ ಮಾತ್ರೆ.

ಗಿರಿಜಾ ಟ್ಯೂಬನ್ನು ಕಿತ್ತೆಸೆದಳು. ಮತ್ತೆ ಹಾಕಿದರು. ಮತ್ತೆ ಕಿತ್ತಳು.

ನಾನು ಔಷಧ ತರಲು ಕೆಳಗಿಳಿದಿದ್ದೆ. ಮರಳಿ ಬಂದು ನೋಡಿದೆ. ಅವಳ ಎಡಗೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು.

ನರ್ಸಿನ ತಪ್ಪಿಲ್ಲ. ಹಾಗೆ ಕಟ್ಟುವುದು ರೋಗಿಯ ರಕ್ಷಣೆಗೆ ಎಂದು ಆಕೆ ಹೇಳಿದಳು. ಅದು ನಿಜವೂ ಇರಬಹುದು. ಆದರೆ ಬದುಕಿಡೀ ಒಂದು ಗಳಿಗೆ ಸುಮ್ಮನಿರದ ಹೆಂಗಸಿಗೆ ಉಳಿದಿದ್ದ ಒಂದೇ ಕೈ ಅದು. ಅವಳು ನನ್ನನ್ನು ನೋಡಿದಳು. ಕೈಯನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಆ ಹೊತ್ತಿನಲ್ಲಿ ನಾನು ಒಂದು ನಿರ್ಧಾರಕ್ಕೆ ಬಂದೆ: ಈಕೆ ಬಾಯಿಂದಲೇ ಉಣ್ಣಬೇಕು, ಈ ಕೈಯನ್ನು ಇನ್ನೊಮ್ಮೆ ಯಾರೂ ಕಟ್ಟಬಾರದು. ಮುಂದೆ ನಡೆದದ್ದೆಲ್ಲ, ನಾನು ಮಾಡಿದ ದಡ್ಡತನವೂ ಸೇರಿ, ಈ ಹಟದಿಂದಲೇ ಹುಟ್ಟಿದ್ದು.

ಕೆಲವು ವಾರಗಳ ಮೇಲೆ ನುಂಗುವ ಪರೀಕ್ಷೆ ಮಾಡಿ ಟ್ಯೂಬು ತೆಗೆದರು. ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಸಿದರು: “ಮೆತ್ತನ ಊಟ. ಕೂಡಿಸಿ ಉಣಸ್ರಿ. ಹೊಟ್ಟಿಗೆ ಸಾಲಷ್ಟು ಹೋಗಲಿಲ್ಲಂದ್ರ ಮತ್ತ ಟ್ಯೂಬ್ ಹಾಕಬೇಕಾಕೈತಿ. ಅದನ್ನೂ ಕಿತ್ತಿದ್ರ, ಹೊಟ್ಟಿಗೇ ತೂತ ಮಾಡಿ ನಳಿಗಿ ಇಡೂದು.”

ಮನೆಗೆ ಬಂದವನೇ ನಾನು ಕೋಲ್ಡ್ ಸ್ಟೋರೇಜಿನ ಉಸ್ತುವಾರಿಯ ಶಿಸ್ತನ್ನೆಲ್ಲ ಹೊರಗೆ ತೆಗೆದೆ. ಗಂಜಿಗೊಂದು ಹೊತ್ತು, ಹಣ್ಣಿನ ರಸಕ್ಕೊಂದು ಹೊತ್ತು, ಕೈಕಾಲಿನ ಫಿಜಿಯೋಥೆರಪಿಗೊಂದು ಹೊತ್ತು. ಸೊಸೆ ಸವಿತಾ ಗಂಜಿ ಕಾಯಿಸುವಳು; ಉಣಿಸುವವನು ನಾನೇ, ಇನ್ನೊಬ್ಬರಿಗೆ ಬಿಡಲಿಲ್ಲ. ಕಲ್ಲು ನೋಡಲು ಹೋಗುವುದನ್ನು ನಿಲ್ಲಿಸಿದೆ. ಪುಸ್ತಕಗಳನ್ನು ಕಟ್ಟಿ ಮೇಲಿಟ್ಟೆ. ಪೇಟೆಯ ಗೆಳೆಯರು ಬಂದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿದೆ. ನನಗೆ ಏನೂ ಬೇಡ, ಇವಳು ಉಂಡರೆ ಸಾಕು ಎಂದು ಹೇಳಿಕೊಂಡೆ. ಹೇಳಿಕೊಂಡಾಗ ಒಂದು ಬಗೆಯ ಹೆಮ್ಮೆಯೂ ಆಗುತ್ತಿತ್ತು.

ಮನೆಯಲ್ಲಿ ಇನ್ನೊಂದು ವ್ಯವಸ್ಥೆ ತಾನಾಗಿಯೇ ಬೆಳೆಯಿತು. ಪಥ್ಯದಲ್ಲಿರುವವರ ಎದುರು ಉಳಿದವರು ರುಚಿಯಾದದ್ದನ್ನು ಉಣ್ಣಬಾರದೆಂಬುದು ನಮ್ಮ ಕಡೆಯ ರೂಢಿ. “ಅತ್ತಿ ಎದುರಿಗೆ ಉಂಡ್ರ ಅವರ ಜೀವ ಎಳೀತೈತಿ ಮಾವಾರ,” ಎಂದು ಸವಿತಾ ಹೇಳಿದಳು. ನನಗೂ ಅದು ಸರಿಯೆನಿಸಿತು. ಗಿರಿಜಾಳ ಮಂಚ ಪಡಸಾಲೆಯಲ್ಲಿತ್ತು. ನಾವೆಲ್ಲ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ತಟ್ಟೆಯ ಸದ್ದಾಗದಂತೆ, ಕಳ್ಳರ ಹಾಗೆ ಉಣ್ಣುತ್ತಿದ್ದೆವು. ಒಗ್ಗರಣೆ ಹಾಕುವಾಗ ಹಿತ್ತಲ ಬಾಗಿಲು ತೆರೆದಿಡುತ್ತಿದ್ದೆವು. ಬ್ಯಾಡಗಿ ಮೆಣಸಿನಕಾಯಿಯ ವಾಸನೆಯಲ್ಲೇ ನಲವತ್ತು ವರ್ಷ ಬದುಕಿದ ಮನೆಯೊಳಗೆ ಕಾಯಿಯ ವಾಸನೆಯೇ ಇಲ್ಲವಾಯಿತು. ಎಲ್ಲವೂ ಅವಳ ಮೇಲಿನ ಕರುಣೆಯಿಂದ.

ಗಿರಿಜಾ ಬಾಯಿ ಮುಚ್ಚಿದಳು.

ಮೊದಮೊದಲು ನಾಲ್ಕು ಚಮಚ ಹೋಗುತ್ತಿತ್ತು. ಆಮೇಲೆ ಎರಡು. ಆಮೇಲೆ ತುಟಿ ಬಿಗಿಹಿಡಿದು ಮುಖವನ್ನು ಗೋಡೆಯ ಕಡೆ ತಿರುಗಿಸುವಳು. ನಾನು ಬೇಡಿಕೊಂಡೆ, ಗದರಿಸಿದೆ, ಮೊಮ್ಮಕ್ಕಳ ಆಣೆ ಹಾಕಿದೆ. ಚಮಚವನ್ನು ತುಟಿಗೆ ಒತ್ತಿ ಹಿಡಿದು ಕಾದೆ. ಗಂಜಿ ಗದ್ದದ ಮೇಲೆ ಹರಿಯಿತು. ಅವಳು ನನ್ನನ್ನು ನೋಡುತ್ತಿದ್ದ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಸಿಟ್ಟಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕುಳಿತ ಅಪರಿಚಿತ ಗುಮಾಸ್ತನನ್ನು ನೋಡುವಂತೆ ನೋಡುತ್ತಿದ್ದಳು. ತೂಕ ಇಳಿಯಿತು. ಹಾವೇರಿಗೆ ತೋರಿಸಲು ಹೋದಾಗ ಡಾಕ್ಟರು ಮತ್ತೆ ಟ್ಯೂಬಿನ ಮಾತೆತ್ತಿದರು. ಮುಂದಿನ ಭೇಟಿಯವರೆಗೆ ನೋಡೋಣ ಎಂದರು.

ಕೈ ಕಟ್ಟುವ ಬ್ಯಾಂಡೇಜು ಕಣ್ಣ ಮುಂದೆ ಬಂತು.

ಆ ದಿನಗಳಲ್ಲಿಯೇ ಖಾದರಸಾಬರು ಮತ್ತೆ ಮತ್ತೆ ನೆನಪಿಗೆ ಬರತೊಡಗಿದರು. ಅವರು ತೀರಿಕೊಂಡು ಕೆಲವು ವರ್ಷಗಳಾಗಿವೆ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು, ಆದರೂ ಗೆಳೆಯರು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ್ಜೆ ನೋಡುವುದು ಅವರ ಕೆಲಸವಾಗಿತ್ತು. ಅವರ ಹೆಂಡತಿ ಹಾಜರಾಬಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ, ಆಕೆ ಕಣ್ಣುಮುಚ್ಚುವವರೆಗೆ ವರ್ಷಗಟ್ಟಲೆ ಖಾದರಸಾಬರೇ ನೋಡಿಕೊಂಡರು. ಅವರ ಬಗ್ಗೆಯೂ ಪೇಟೆಯಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಅವರು ತೀರಿಕೊಂಡಾಗ ಸಂತಾಪ ಸೂಚಿಸಲು ಸೇರಿದ್ದಲ್ಲಿ ಒಬ್ಬರು ಎದ್ದು ನಿಂತು, “ತಮ್ಮ ಆಸೆಗಳನ್ನೆಲ್ಲ ಸುಟ್ಟುಹಾಕಿ ಕರ್ತವ್ಯವೊಂದನ್ನೇ ಉಳಿಸಿಕೊಂಡ ಮಹಾನುಭಾವರು” ಎಂದರು. ನಾನು ಅಲ್ಲಿಯೇ ಎದ್ದು, “ಹಂಗೇನಿಲ್ರಿ, ಅವರು ವಾರಕ್ಕೊಮ್ಮೆ ಮೀನ ಹಿಡ್ಯಾಕ ಹೋಗ್ತಿದ್ರು,” ಎಂದೆ. ಯಾರಿಗೂ ಹಿಡಿಸಲಿಲ್ಲ. ನನ್ನ ಅಂಗಿ ಹಿಡಿದು ಎಳೆದು ಕೂಡಿಸಿದರು.

ಆದರೆ ನಿಜವೇ ಅದು. ವಾರಕ್ಕೊಂದು ದಿನ ಹೆಂಡತಿಯನ್ನು ತಂಗಿಯ ಮಗಳ ವಶಕ್ಕೆ ಕೊಟ್ಟು, ಗಾಳ ಹಿಡಿದು, ಮೇಡ್ಲೇರಿಯ ಕಡೆ ತುಂಗಭದ್ರೆಯ ದಂಡೆಗೆ ಹೋಗಿ ಕೂರುತ್ತಿದ್ದರು. ಒಮ್ಮೆ ಅವರು ಹೊರಡುವ ಹೊತ್ತಿಗೆ ಸರಿಯಾಗಿ ನಾನು ಬಾಗಿಲಲ್ಲಿ ಸಿಕ್ಕೆ.

“ಖಾದರಸಾಬ್ರ, ಹಾಸಿಗಿ ಹಿಡದವರನ್ನ ಬಿಟ್ಟು ಮೀನ ಹಿಡ್ಯಾಕ ಹೊಂಟೀರಲ್ಲ, ಜನಾ ಏನಂದಾರು?”

“ಜನಾ ಅನ್ನೂದನ್ನ ನೀ ಯಾವಾಗಿಂದ ಕೇಳಾಕ ಹತ್ತೀದಿ, ಬಸಣ್ಣ?”

“ನಾನೂ ಅಂತೇನಿ ಅನ್ಕೋರಿ.”

“ಹಂಗಾದ್ರ ಕುಂದರು. ನಿನಗ ಹೇಳೇ ಹೋಗಬೇಕು.” ಗಾಳವನ್ನು ಗೋಡೆಗೆ ಒರಗಿಸಿದರು. “ಆಕಿನ್ನ ನೋಡ್ಕೊಳ್ಳೂದು ನನ್ನ ಫರ್ಜ್. ಅದರಾಗ ಎರಡ ಮಾತಿಲ್ಲ. ಆದ್ರ ಬರೇ ಕರ್ತವ್ಯ ಅಂದ್ರ ಅತೀ ಒಣಗಿದ ಕಾಯಿ ಇದ್ದಂಗ. ಕೆಡೂದಿಲ್ಲ, ಖರೇ. ಚೀಲಕ್ಕ ತುಂಬಾಕ ಹೋದ್ರ ಪುಡಿಪುಡಿ. ಅದಕ್ಕ ಒಂದೀಟ ನೀರ ಚಿಮುಕಸ್ತಾರಿಲ್ಲೋ?”

“ನೀರ ಹೆಚ್ಚಾದ್ರ ಬೂಷ್ಟ ಹಿಡೀತೈತಿ.”

“ಹಿಡೀತೈತಿ. ಅದಕ್ಕ ವಾರಕ್ಕೊಮ್ಮೆ ಹೋಗ್ತೇನಿ, ದಿನಾ ಹೋಗೂದಿಲ್ಲ.” ಚಪ್ಪಲಿ ಮೆಟ್ಟಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. “ಇದನ್ನ ನೆನಪಿಡು. ತನಗೇನೂ ಬ್ಯಾಡಾದವನ ಕೈಯಾಗ ರೋಗಿನ್ನ ಕೊಡಬಾರದು. ರೋಗಿಗೆ ಏನ ಬೇಕಾಗೇತಿ ಅನ್ನೂದು ಅವಗ ತಿಳಿಯೂದ ಇಲ್ಲ.”

ಒಳಗಿನಿಂದ ಹಾಜರಾಬಿಯ ದನಿ ಕೇಳಿತು: “ಹೋಗಲಿ ಬಿಡ್ರಿ ಬಸಣ್ಣಾರ! ಮನ್ಯಾಗಿದ್ರ ನನ್ನ ಮೂಗಿನಮ್ಯಾಲೆ ಕುಂತ ನೊಣಾನೂ ಎಣಸ್ತಾರ!”

ಸಂಜೆ ಅವರು ಬರಿಗೈಯಲ್ಲಿ ಮರಳಿದರೂ ಆಕೆ “ಏನ ಸಿಕ್ತು?” ಎಂದು ಕೇಳುವಳಂತೆ. ಇಷ್ಟುದ್ದದ್ದು ತಪ್ಪಿಸಿಕೊಂಡಿತು ಎಂದು ಇವರು ಕೈ ಅಗಲಿಸುವರಂತೆ. ಆ ಸುಳ್ಳಿನ ಉದ್ದ ವಾರದಿಂದ ವಾರಕ್ಕೆ ಬೆಳೆಯುತ್ತಿತ್ತಂತೆ. ಈ ಭಾಗ ನಾನು ಕಂಡದ್ದಲ್ಲ, ಖಾದರಸಾಬರು ಹೇಳಿದ್ದು. ಹಾಗಾಗಿ ‘ಅಂತೆ’ ಸೇರಿಸಿದ್ದೇನೆ.

ಅಂದು ನಾನು ಅವರ ಮಾತನ್ನು ಒಪ್ಪಿರಲಿಲ್ಲ. ಕರ್ತವ್ಯದಿಂದ ತಪ್ಪಿಸಿಕೊಳ್ಳುವವರು ಇಂಥ ಚೆಂದದ ಹೋಲಿಕೆಗಳನ್ನು ಹುಡುಕಿಕೊಳ್ಳುತ್ತಾರೆ ಎಂದು ಮುಖಕ್ಕೇ ಹೇಳಿದ್ದೆ. ಅವರು ನಕ್ಕು ಬಸ್ಸಿಗೆ ಹೋಗಿದ್ದರು.

ಗಿರಿಜಾ ಗಂಜಿಯನ್ನು ಪೂರ್ತಿ ನಿರಾಕರಿಸಿದ ಒಂದು ಬೆಳಿಗ್ಗೆ ಸವಿತಾ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡಳು.

“ಮಾವಾರ, ನೀವು ಇವತ್ತ ಎಲ್ಲೆರ ಹೋಗಿ ಬರ್ರಿ. ಅತ್ತಿಗೆ ನಿಮ್ಮ ಮಾರಿ ನೋಡಿ ನೋಡಿ ಬ್ಯಾಸರಾಗೇತಿ.”

“ಹಂಗಂತ ಆಕಿ ಹೇಳಿದ್ಲೇನು?”

“ಅವರು ಯಾಕ ಹೇಳಬೇಕ್ರಿ? ನನಗೂ ಬ್ಯಾಸರಾಗೇತಿ.”

ಹಿಂದಿನ ದಿನವಷ್ಟೇ ಮೇಡ್ಲೇರಿ ಕಡೆಯ ಪರಿಚಯದ ರೈತರೊಬ್ಬರು ಫೋನ್ ಮಾಡಿದ್ದರು. ಬದುವಿನಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡಿದ್ದ ಕಲ್ಲನ್ನು ಮಗುಚಿದರೆ ಕೆಳಗಡೆ ಅಕ್ಷರಗಳಿವೆ ಎಂದಿದ್ದರು. ನಾನು ಬರಲಾಗದು ಎಂದು ಹೇಳಿಬಿಟ್ಟಿದ್ದೆ. ಸವಿತಾ ಬಟ್ಟಲು ಹಿಡಿದು ನಿಂತಾಗ ಒಂದು ವಿಚಾರ ಸ್ಪಷ್ಟವಾಯಿತು. ನನಗೆ ಆ ಕಲ್ಲು ಬೇಕಾಗಿತ್ತು. ನಿನ್ನೆಯಿಂದಲೂ ಬೇಕಾಗಿತ್ತು. ಏನೂ ಬೇಡ ಎಂದು ನಾನು ಹೇಳಿಕೊಳ್ಳುತ್ತಿದ್ದದ್ದು ಸುಳ್ಳು.

ಹೋದೆ.

ಕಲ್ಲು ನೀರಾವರಿ ಹೊಲದ ಅಂಚಿನಲ್ಲಿ ಬಿದ್ದಿತ್ತು. ನೀರು ಹಾಕಿ ತೊಳೆದು, ಸುಣ್ಣದ ಪುಡಿ ಸವರಿ, ಅಕ್ಷರಗಳ ನೆರಳು ಎದ್ದು ಕಾಣಲೆಂದು ಬಿಸಿಲು ಅಡ್ಡಕ್ಕೆ ಬರುವವರೆಗೂ ಕಾದೆ. ಊರಿನವರು ಅದು ರಾಜನ ಕಲ್ಲು ಎಂದರು. ಓದಲು ಸಿಕ್ಕದ್ದು ಒಂದೇ ಸಾಲು. ದನಗಳನ್ನು ಅಟ್ಟಿಕೊಂಡು ಹೋಗುವವರನ್ನು ತಡೆದು ಒಬ್ಬ ಸತ್ತನೆಂದು ಅದರಲ್ಲಿತ್ತು. ಹೆಸರಿನ ಜಾಗ ಒಡೆದುಹೋಗಿತ್ತು. ಆ ಒಂದು ಸಾಲಿಗಾಗಿ ಮೊಣಕಾಲೂರಿ ಕೂತಿದ್ದ ಅಷ್ಟು ಹೊತ್ತೂ ಗಂಜಿಯಾಗಲಿ, ಚಮಚವಾಗಲಿ ನೆನಪಾಗಲಿಲ್ಲ. ಫೋನ್ ಮಾಡಿದ್ದ ರೈತರು ತಮ್ಮ ಮನೆಗೆ ಊಟಕ್ಕೆ ಕರೆದರು. ಬಸ್ಸು ತಪ್ಪೀತೆಂದು ಒಲ್ಲೆನೆಂದೆ. ಬಸ್ಸೂ ತಪ್ಪಿತು. ಬಿಸಿಲಿನಲ್ಲಿ ನಡೆದು, ಅಲ್ಲಲ್ಲಿ ಬೈಕಿನವರನ್ನು ಕೈಮಾಡಿ ನಿಲ್ಲಿಸಿ, ಮನೆ ಮುಟ್ಟುವಾಗ ಸಂಜೆಯಾಗಿತ್ತು. ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಅಂಥ ಹಸಿವನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ.

ಅಡುಗೆಮನೆಯವರೆಗೆ ಹೋಗಲು ಕಾಲು ಏಳಲಿಲ್ಲ. ಪಡಸಾಲೆಯಲ್ಲೇ, ಗಿರಿಜಾಳ ಮಂಚದ ಪಕ್ಕ, ನೆಲದ ಮೇಲೆ ಕುಸಿದು ಕುಳಿತೆ. ಸವಿತಾ ತಟ್ಟೆ ತಂದು ಮುಂದಿಟ್ಟಳು. ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಉಣ್ಣತೊಡಗಿದೆ. ಯಾರ ಎದುರಿಗೆ ಕುಳಿತಿದ್ದೇನೆ ಎಂಬುದನ್ನು ಮರೆತೆ. ಬೆರಳು ನೆಕ್ಕಿದೆ. ಖಾರ ಹತ್ತಿ ಮೂಗು ಸೊರಸೊರ ಎಂದಿತು. ಕಲ್ಲಿನ ವಿಷಯವನ್ನು ಬಾಯಿತುಂಬ ರೊಟ್ಟಿಯಿಟ್ಟುಕೊಂಡೇ ಹೇಳುತ್ತಿದ್ದೆ. ರಾಜನಲ್ಲ, ರಾಜನಲ್ಲ, ದನ ಕಾಯಲು ಹೋಗಿ ಸತ್ತವನು ಎನ್ನುತ್ತಿದ್ದೆ.

ತಟ್ಟೆಯೊಳಗೆ ಒಂದು ಕೈ ಬಂತು.

ಮೊಸರಿನಲ್ಲಿ ನೆನೆದ ರೊಟ್ಟಿಯ ಚೂರನ್ನು ಅವಳ ಎಡಗೈ ಎತ್ತಿಕೊಂಡಿತ್ತು. ಗಂಟಲಿಗೆ ಸಿಕ್ಕೀತು ಎಂಬ ಭಯದಿಂದ ನಾನು ಥಟ್ಟನೆ ಆ ಮಣಿಕಟ್ಟನ್ನು ಹಿಡಿದುಬಿಟ್ಟೆ. ಹಿಡಿದ ಮೇಲೆ ನೋಡಿದೆ. ಅದೇ ಮಣಿಕಟ್ಟು. ಬ್ಯಾಂಡೇಜು ಬಿಗಿದ ಜಾಗದಲ್ಲಿ ನನ್ನ ಬೆರಳುಗಳಿದ್ದವು.

ಬಿಟ್ಟೆ.

ಅವಳು ಬಾಯಿ ತೆರೆದಳು. ಚೂರನ್ನು ಒಳಗಿಟ್ಟುಕೊಂಡು, ನಿಧಾನವಾಗಿ, ಬಹಳ ನಿಧಾನವಾಗಿ ಅಗಿದಳು. ಸವಿತಾ ನೀರಿನ ಲೋಟ ಹಿಡಿದು ನಿಂತಿದ್ದಳು. ಗಿರಿಜಾ ನುಂಗಿದಳು. ಕೆಮ್ಮಲಿಲ್ಲ. ಮತ್ತೆ ಕೈ ತಟ್ಟೆಯ ಕಡೆ ಬಂತು. ಸವಿತಾ ಓಡಿಹೋಗಿ ರೊಟ್ಟಿಯ ಮೆತ್ತನೆಯ ಭಾಗವನ್ನು ಮೊಸರಿನಲ್ಲಿ ಹಿಸುಕಿ ತಂದಳು. ಒಂದು ಬಟ್ಟಲು ಪೂರ್ತಿ ಹೋಯಿತು.

ಹಾವೇರಿಯ ಡಾಕ್ಟರು ಮೊದಲು ಬೈದರು. “ಗಂಟಲಿಗೆ ಸಿಕ್ಕಿದ್ರ ಏನ ಮಾಡತಿದ್ರಿ?” ಎಂದರು. ಮತ್ತೆ ನುಂಗುವ ಪರೀಕ್ಷೆ ಮಾಡಿದರು. ತೂಕ ನೋಡಿದರು. “ಇನ್ನೂ ಮೆತ್ತಗ ಮಾಡಿ ಕೊಡ್ರಿ. ಖಾರ ಸದ್ಯಕ್ಕ ಬ್ಯಾಡ. ಟ್ಯೂಬ್ ಬ್ಯಾಡ ಬಿಡ್ರಿ,” ಎಂದರು. ಆ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಹೇಳಿಸಿಕೊಂಡೆ.

ಕಥೆ ಹುಟ್ಟಿದ್ದು ಇಲ್ಲಿ. ಗಿರಿಜಾಳ ಅಕ್ಕ ಶಾಂತವ್ವ ಬ್ಯಾಡಗಿಯಿಂದ ನೋಡಲು ಬಂದವರು, ಸವಿತಾಳಿಂದ ನಡೆದದ್ದನ್ನು ಕೇಳಿ ಕಣ್ಣೀರು ಹಾಕಿದರು. “ನಮ್ಮ ಗಿರಿಜಾ ಲಗ್ನಾದಾಗಿಂದ ಗಂಡನ್ನ ಬಿಟ್ಟು ಮೊದಲ ಉಂಡಾಕಿ ಅಲ್ಲ. ಅದಕ್ಕ ಬಾಯಿ ಮುಚ್ಚಿದ್ಲು. ಗಂಡ ಉಂಡದ್ದು ಕಣ್ಣಿಗೆ ಕಂಡ ಮ್ಯಾಲೆ ತೆರೆದ್ಲು,” ಎಂದರು. ನಮ್ಮ ಮನೆಯಲ್ಲಿ ಹೆಂಗಸರು ಕೊನೆಗೆ ಉಣ್ಣುವ ಪದ್ಧತಿ ಇದ್ದದ್ದು ಹೌದು. ಆದ್ದರಿಂದ ಈ ವಿವರಣೆ ಬೀಗದ ಕೈಯಂತೆ ಸರಿಯಾಗಿ ಕೂತಿತು. ನಾನೂ ಕೆಲವು ದಿನ ಅದನ್ನು ನಂಬಿದೆ. ಯಾವ ಗಂಡಸಿಗೆ ಹಿತವೆನಿಸುವುದಿಲ್ಲ?

ಹಿತವೆನಿಸಿತು ಎಂಬುದೇ ಅನುಮಾನಕ್ಕೆ ಕಾರಣವಾಯಿತು. ಪರೀಕ್ಷಿಸಿದೆ.

ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಉಂಡೆ. ಕೈ ಒರೆಸಿಕೊಳ್ಳುತ್ತ ಬಂದು, “ನಂದು ಊಟಾತು, ಈಗ ನೀ ಉಣ್ಣು,” ಎಂದೆ. ನೇಮದ ಪ್ರಶ್ನೆಯಾಗಿದ್ದರೆ ಅಲ್ಲಿಗೆ ಅದು ತೀರಬೇಕಿತ್ತು. ಅವಳು ಗೋಡೆಯ ಕಡೆ ತಿರುಗಿದಳು. ಮರುದಿನ ಸವಿತಾಳಿಗೆ ತಟ್ಟೆ ಹಿಡಿದು ಮಂಚದ ಬಳಿ ಕೂರಲು ಹೇಳಿದೆ. ನಾನು ಉಣ್ಣದೆ ಹೊರಗೆ ನಿಂತೆ.

“ಅತ್ತಿ ಉಣ್ಣೂಕಿಂತ ಮೊದಲ ನಾ ಹೆಂಗ ಉಣ್ಣಲಿ ಮಾವಾರ?”

“ಇದು ಪರೀಕ್ಷೆ.”

“ಪರೀಕ್ಷಾ ಅವರಿಗೋ, ನನಗೋ?” ಎಂದು ಗೊಣಗಿಕೊಂಡೇ ಕುಳಿತಳು. ತಟ್ಟೆಯಲ್ಲಿದ್ದದ್ದು ಚಿತ್ರಾನ್ನ, ಸವಿತಾಳಿಗೆ ಅದೆಂದರೆ ಪ್ರಾಣ. ಸಂಕೋಚ ನಾಲ್ಕು ತುತ್ತಿನವರೆಗೂ ಉಳಿಯಲಿಲ್ಲ. ಕಿಟಕಿಯಿಂದ ನೋಡಿದೆ. ಗಂಡ ಉಪವಾಸ ನಿಂತಿದ್ದಾಗಲೇ ಗಿರಿಜಾಳ ಕೈ ಸೊಸೆಯ ತಟ್ಟೆಗೆ ಹೋಯಿತು.

ಅಂದಿನಿಂದ ಅಡುಗೆಮನೆಯ ಬಾಗಿಲು ಮುಚ್ಚುವುದನ್ನು ನಿಲ್ಲಿಸಿದೆವು. ಎಲ್ಲರ ಊಟವೂ ಪಡಸಾಲೆಯಲ್ಲಿ, ಮಂಚದ ಸುತ್ತ. ಅವಳದು ಮೆತ್ತಗೆ, ನಮ್ಮದು ಎಂದಿನಂತೆ. ಒಗ್ಗರಣೆಯ ವಾಸನೆಗೆ ಅವಳು ತಲೆ ಎತ್ತುತ್ತಾಳೆ. ಮೊಮ್ಮಗಳು ಹಪ್ಪಳ ಮುರಿದರೆ ಆ ಕಡೆ ತಿರುಗುತ್ತಾಳೆ.

ಖಾದರಸಾಬರು ಹೇಳಿದ್ದು ಇದನ್ನೇ ಎಂದು ಒಪ್ಪುತ್ತೇನೆ, ಆದರೆ ಒಂದು ತಕರಾರಿನೊಂದಿಗೆ. ಬೇಕು ಎನ್ನುವುದು ದಿನವೂ ಬರುವುದಿಲ್ಲ. ಬೆಡ್‌ಪ್ಯಾನ್ ತೊಳೆಯುವಾಗ ಬರುವುದಿಲ್ಲ. ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುವಾಗ, ನನ್ನ ಸೊಂಟವೇ ನೋಯುತ್ತಿರುವಾಗ, ಖಂಡಿತ ಬರುವುದಿಲ್ಲ. ಆಗೆಲ್ಲ ನನ್ನನ್ನು ಎಬ್ಬಿಸುವುದು ಅವರು ಹೇಳಿದ ಆ ಒಣಗಿದ ಕಾಯಿಯೇ, ಬರೀ ಕರ್ತವ್ಯವೇ. ಅದನ್ನು ಹೀಗಳೆಯಲು ನಾನು ಸಿದ್ಧನಿಲ್ಲ. ಆದರೆ ಏನೂ ಬೇಡದವನ ವೇಷ ಹಾಕಿಕೊಂಡು ಅವಳೆದುರು ಚಮಚ ಹಿಡಿದು ಕೂತದ್ದು ಕರ್ತವ್ಯವಲ್ಲ. ಹಸಿವನ್ನೇ ಮನೆಯೊಳಗೆ ಬಚ್ಚಿಟ್ಟ ಮೇಲೆ ಅವಳಿಗೆ ಮಾತ್ರ ಅದು ಎಲ್ಲಿಂದ ಬರಬೇಕಿತ್ತು? ಈಗ ವಾರಕ್ಕೊಂದು ದಿನ ಕಲ್ಲು ನೋಡಲು ಹೋಗುತ್ತೇನೆ. ಉಳಿದ ದಿನ ಬೆರಳು ಬಿಡಿಸುತ್ತೇನೆ. ಎರಡನ್ನೂ ಬಿಡುವವನಲ್ಲ.

ಮಾತು ಈಚೆಗೆ ಸ್ವಲ್ಪ ಸ್ವಲ್ಪವಾಗಿ ಮರಳುತ್ತಿದೆ. ಮೊದಲು ಬಂದದ್ದು ‘ಬ್ಯಾಡ’. ಆಮೇಲೆ ‘ನೀರ’. ವಾಕರ್ ಹಿಡಿದು ಬಾಗಿಲವರೆಗೆ ಹೋಗುತ್ತಾಳೆ. ಬಲಗೈ ಇನ್ನೂ ಹಾಗೆಯೇ ಇದೆ. ರೊಟ್ಟಿ ಬಡಿಯುವುದು ಆಗಲಿಕ್ಕಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮತ್ತೊಮ್ಮೆ ಸ್ಟ್ರೋಕ್ ಆಗದೆಂಬ ಭರವಸೆ ಯಾರೂ ಕೊಟ್ಟಿಲ್ಲ. ಬಿ.ಪಿ. ಮಾತ್ರೆಯನ್ನು ನಾನೇ ಕೈಗೆ ಕೊಡುತ್ತೇನೆ.

ಕಳೆದ ತಿಂಗಳು ಶಾಂತವ್ವ ಮತ್ತೆ ಬಂದರು. ಓಣಿಯ ಹೆಂಗಸರು ಕೂಡಿದರು. ನಮ್ಮ ಪಡಸಾಲೆಯಲ್ಲಿಯೇ, ಗಿರಿಜಾಳ ಎದುರಿಗೇ, ಗಂಡ ಉಂಡ ಹೊರತು ಬಾಯಿ ತೆರೆಯದ ಕಥೆ ಪುನಃ ಶುರುವಾಯಿತು. ನಾನು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಮಂಚದ ಕಡೆಯಿಂದ ಒಂದು ಶಬ್ದ ಬಂತು.

“ಸುಳ್ಳ.”

ಎಲ್ಲರೂ ತಿರುಗಿದರು.

“ಏನವಾ? ನೇಮಾ ಬಿಡಲಿಲ್ಲಲ್ಲ ನೀ?” ಎಂದರು ಶಾಂತವ್ವ.

“ನೇಮಾ... ಅಲ್ಲ.” ಗಿರಿಜಾಳ ಹಣೆಯಲ್ಲಿ ಬೆವರೊಡೆಯಿತು. “ಹಸಿವಿ... ಇರಲಿಲ್ಲ. ಇವ್ರು... ಅವತ್ತ... ದನದಂಗ...”

“ದನದಂಗ ದುಡಿದ್ರು, ನಿನಗಾಗಿ! ಖರೇ ನೋಡು,” ಎಂದು ಶಾಂತವ್ವ ಅವಳ ಬೆನ್ನು ಸವರಿದರು.

ಗಿರಿಜಾ ಅಕ್ಕನ ಕೈಯನ್ನು ಎಡಗೈಯಿಂದ ಸರಿಸಿದಳು. “ದನದಂಗ... ತಿಂದ್ರು. ನೋಡಿ... ನನಗೂ... ಬೇಕನಿಸ್ತು.”

ಸವಿತಾ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು. ಶಾಂತವ್ವ ಮಾತ್ರ ನಂಬಲಿಲ್ಲ. ರೋಗದಿಂದ ಬುದ್ಧಿ ಇನ್ನೂ ಪೂರ್ತಿ ತಿಳಿಯಾಗಿಲ್ಲ ಎಂದುಕೊಂಡು ಊರಿಗೆ ಹೋದರು. ಬ್ಯಾಡಗಿಯಲ್ಲಿ ಹಳೆಯ ಕಥೆಯೇ ನಡೆದಿದೆ ಎಂದು ಕೇಳಿದ್ದೇನೆ.

ನನ್ನ ಮಾತನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ಗಂಡನಾದವನು ಬರೆದದ್ದು, ಅನುಮಾನಿಸಿ. ಗಿರಿಜಾ ಬೆಳಗಿನ ಬಿಸಿಲಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಬಂದು ಅವಳನ್ನೇ ಕೇಳಿ. ಉತ್ತರ ಬರುವುದು ತಡವಾಗುತ್ತದೆ. ಮೊದಲ ಶಬ್ದಕ್ಕೂ ಎರಡನೆಯ ಶಬ್ದಕ್ಕೂ ನಡುವೆ ಒಂದು ಆಟೋ ಹಾದುಹೋಗಬಹುದು. ಅಷ್ಟರಲ್ಲಿ ಅವಳ ವಾಕ್ಯವನ್ನು ನೀವು ಮುಗಿಸಿಕೊಡಬೇಡಿ. ಕಾಯಿರಿ.